ಕ್ಲಚ್ ಬದಲಿಸಲು ಒಬ್ಬರು ಒಂದು ರೇಟು, ಇನ್ನೊಬ್ಬರು ಅದರ ಎರಡರಷ್ಟು ಹೇಳುವುದು ಯಾಕೆ?

ಪ್ರಶ್ನೆ: ನನ್ನದು ಫ್ರಂಟ್ ವೀಲ್ ಡ್ರೈವ್ ಡೀಸೆಲ್ ಕಾರು. 94,000 ಕಿಲೋಮೀಟರ್ ಓಡಿದೆ. ಏರು ರಸ್ತೆಯಲ್ಲಿ ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಸದ್ದು ಏರುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ. ಗ್ಯಾರೇಜಿನವರು ಕ್ಲಚ್ ಸೆಟ್ ಹಾಕಬೇಕು ಎಂದು ಒಂದು ರೇಟು ಹೇಳಿದರು. ಕಂಪನಿ ಸರ್ವಿಸ್ ಸೆಂಟರ್‌ನಲ್ಲಿ ಫ್ಲೈವೀಲೂ ಸೇರಿ ಅದರ ಎರಡರಷ್ಟಕ್ಕಿಂತ ಜಾಸ್ತಿ ಹೇಳುತ್ತಿದ್ದಾರೆ. ಪರಿಚಯದ ಇನ್ನೊಬ್ಬ ಮೆಕ್ಯಾನಿಕ್, 'ಬರೀ ಪ್ಲೇಟ್ ಹಾಕಿದರೆ ಸಾಕು, ತುಂಬಾ ಕಮ್ಮಿಯಲ್ಲಿ ಆಗುತ್ತೆ' ಅನ್ನುತ್ತಾರೆ. ಯಾರ ಮಾತು ನಂಬಲಿ? ಇನ್ನೊಂದೆರಡು ತಿಂಗಳು ಹೀಗೇ ಓಡಿಸಬಹುದಾ?

ಉತ್ತರ:

ಮೂವರಲ್ಲಿ ಮೊದಲ ಇಬ್ಬರ ಮಾತಿನಲ್ಲಿ ಹುರುಳಿದೆ. ಮೂರನೆಯವರ ಸಲಹೆಯನ್ನು ದಯವಿಟ್ಟು ಬಿಟ್ಟುಬಿಡಿ. ಯಾಕೆ ಅಂತ ಹೇಳುತ್ತೇನೆ.

ಕ್ಲಚ್ ಇರುವುದು ಇಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ. ಅದರ ಮುಖ ನೋಡಬೇಕು ಅಂದರೂ ಗೇರ್‌ಬಾಕ್ಸ್ ಇಳಿಸಲೇಬೇಕು. ನಿಮ್ಮಂಥ ಗಾಡಿಯಲ್ಲಿ ಏನೇನು ಬಿಚ್ಚಬೇಕು ನೋಡಿ. ಬ್ಯಾಟರಿ ಮತ್ತು ಅದರ ಟ್ರೇ, ಏರ್ ಫಿಲ್ಟರ್ ಡಬ್ಬಿ, ಸ್ಟಾರ್ಟರ್ ಮೋಟರ್, ಗೇರ್ ಕೇಬಲ್‌ಗಳು. ಆಮೇಲೆ ಗಾಡಿ ಎತ್ತಿ, ಗೇರ್ ಆಯಿಲ್ ಇಳಿಸಿ, ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಹೋಗುವ ಎರಡೂ ಕಡೆಯ ಡ್ರೈವ್ ಶಾಫ್ಟ್ ಎಳೆಯಬೇಕು. ಇಂಜಿನ್‌ಗೆ ಆಸರೆ ಕೊಟ್ಟು ಗೇರ್‌ಬಾಕ್ಸ್ ಮೌಂಟಿಂಗ್ ಬಿಚ್ಚಬೇಕು. ಕೆಲವು ಗಾಡಿಗಳಲ್ಲಿ ಕೆಳಗಿನ ಸಬ್‌ಫ್ರೇಮನ್ನೂ, ಅಂದರೆ ಇಂಜಿನ್ ಕೆಳಗಿನ ಉಕ್ಕಿನ ಚೌಕಟ್ಟನ್ನೂ ಇಳಿಸಬೇಕಾಗುತ್ತದೆ. ಇಷ್ಟೆಲ್ಲ ಆದಮೇಲೆ ಸುಮಾರು 20 ಸೆಂಟಿಮೀಟರ್ ಅಗಲದ ಒಂದು ಪ್ಲೇಟ್ ಕೈಗೆ ಸಿಗುತ್ತದೆ. ಹೊಸದನ್ನು ಕೂರಿಸಲು ಅರ್ಧ ಗಂಟೆ ಸಾಕು. ಉಳಿದ ಹೊತ್ತೆಲ್ಲ ಅಲ್ಲಿಗೆ ಹೋಗುವುದಕ್ಕೆ, ಅಲ್ಲಿಂದ ವಾಪಸ್ ಬರುವುದಕ್ಕೆ.

ಅಂದರೆ ನೀವು ಕೊಡುವ ಕೂಲಿ ಕ್ಲಚ್ ಹಾಕುವುದಕ್ಕಲ್ಲ, ಗೇರ್‌ಬಾಕ್ಸ್ ಇಳಿಸಿ ಏರಿಸುವುದಕ್ಕೆ. ಗೇರ್‌ಬಾಕ್ಸ್ ಹಿಂದೆ ಇರುವ ಯಾವ ಸಾಮಾನು ಬದಲಿಸಿದರೂ ಇದೇ ಕೂಲಿ. ಇದೊಂದು ತಲೆಯಲ್ಲಿದ್ದರೆ ಯಾವ ಎಸ್ಟಿಮೇಟ್ ಬಂದರೂ ನೀವೇ ಅಳೆದು ನೋಡಬಹುದು.

ಈಗ 'ಬರೀ ಪ್ಲೇಟ್' ವಿಷಯ. ಕ್ಲಚ್ ಸೆಟ್ ಅಂದರೆ ಮೂರು ಸಾಮಾನು: ಕ್ಲಚ್ ಪ್ಲೇಟ್, ಅದನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟ್, ಪೆಡಲ್ ತುಳಿದಾಗ ಪ್ರೆಷರ್ ಪ್ಲೇಟನ್ನು ಬಿಡಿಸುವ ರಿಲೀಸ್ ಬೇರಿಂಗ್. ಮೂರೂ ಒಟ್ಟಿಗೆ ದುಡಿದಿವೆ, ಒಟ್ಟಿಗೆ ಸವೆದಿವೆ. ಪ್ಲೇಟ್ ಸ್ಲಿಪ್ ಆಗಿ ಕಾದಾಗ ಪ್ರೆಷರ್ ಪ್ಲೇಟಿನ ಮುಖವೂ ಕಾಯುತ್ತದೆ, ಅದರ ಸ್ಪ್ರಿಂಗಿನ ಕಸುವೂ ಇಳಿಯುತ್ತದೆ. ಹೊಸ ಪ್ಲೇಟನ್ನು ಹಳೇ ಪ್ರೆಷರ್ ಪ್ಲೇಟಿನ ಕೈಗೆ ಕೊಟ್ಟರೆ ಹಿಡಿತ ಪೂರ್ತಿ ಸಿಗುವುದಿಲ್ಲ. ಹಳೇ ಬೇರಿಂಗ್ ಆರು ತಿಂಗಳಿಗೆ ಕಿರುಗುಟ್ಟಲು ಶುರು ಮಾಡಿದರೆ, ಆ ಒಂದು ಬೇರಿಂಗಿಗಾಗಿ ಗೇರ್‌ಬಾಕ್ಸ್ ಮತ್ತೆ ಕೆಳಗೆ. ಸಾಮಾನಿನಲ್ಲಿ ಉಳಿಸಿದ್ದಕ್ಕಿಂತ ಜಾಸ್ತಿ ದುಡ್ಡು ಎರಡನೇ ಕೂಲಿಗೆ ಹೋಗುತ್ತದೆ. ಆ ಮೆಕ್ಯಾನಿಕ್ ನಿಮಗೆ ಮೋಸ ಮಾಡುತ್ತಿದ್ದಾರೆ ಅಂತ ನಾನು ಹೇಳುತ್ತಿಲ್ಲ. ನಿಮ್ಮ ಖರ್ಚು ಕಮ್ಮಿ ಮಾಡೋಣ ಅಂತಲೇ ಹೇಳಿರಬಹುದು. ಆದರೂ ಬೇಡ.

ಇನ್ನು ಫ್ಲೈವೀಲ್. ಇಂಜಿನ್ನಿನ ತುದಿಯಲ್ಲಿ ಕೂತ ಭಾರದ ಚಕ್ರ ಇದು, ಕ್ಲಚ್ ಪ್ಲೇಟ್ ಒತ್ತಿ ಹಿಡಿಯುವುದು ಇದರ ಮುಖಕ್ಕೇ. ನಿಮ್ಮ ಎರಡು ಎಸ್ಟಿಮೇಟುಗಳ ನಡುವಿನ ದೊಡ್ಡ ವ್ಯತ್ಯಾಸ ಇಲ್ಲೇ ಇದೆ. ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗೋಣ.

ಫ್ಲೈವೀಲಿನಲ್ಲಿ ಎರಡು ಬಗೆ. ಒಂದು ಗಟ್ಟಿ ಫ್ಲೈವೀಲ್, ಒಂದೇ ಕಬ್ಬಿಣದ ತುಂಡು. ಇದರ ಮುಖದಲ್ಲಿ ಗೀರು ಬಿದ್ದಿದ್ದರೆ, ಅಲ್ಲಲ್ಲಿ ನೀಲಿ ಕಲೆ ಇದ್ದರೆ, ಲೇತ್ ವರ್ಕ್‌ಶಾಪಿಗೆ ಕಳಿಸಿ ಒಂದಿಷ್ಟು ಫೇಸಿಂಗ್ ಹೊಡೆಸಿದರೆ, ಅಂದರೆ ಮುಖವನ್ನು ತೆಳ್ಳಗೆ ಕಡೆದು ಸಮ ಮಾಡಿಸಿದರೆ, ಮತ್ತೆ ಹೊಸದರಂತೆ ಆಗುತ್ತದೆ. ಹೊಸ ಫ್ಲೈವೀಲಿನ ಮುಂದೆ ಆ ಖರ್ಚು ಬಹಳ ಸಣ್ಣದು. ಬಿರುಕು ಬಿಟ್ಟಿದ್ದರೆ, ಅಥವಾ ಕಂಪನಿ ಹೇಳಿದ ದಪ್ಪಕ್ಕಿಂತ ತೆಳುವಾಗುವುದಾದರೆ ಮಾತ್ರ ಬದಲಿಸಬೇಕು.

ಇನ್ನೊಂದು ಡ್ಯುಯಲ್ ಮಾಸ್ ಫ್ಲೈವೀಲ್. ಇದರಲ್ಲಿ ಎರಡು ಚಕ್ರ, ನಡುವೆ ಗ್ರೀಸಿನಲ್ಲಿ ಕೂತ ಉದ್ದನೆಯ ಸ್ಪ್ರಿಂಗುಗಳು. ಇಂಜಿನ್ನಿನ ನಡುಕ ಗೇರ್‌ಬಾಕ್ಸಿಗೆ ದಾಟದಂತೆ ಇವು ತಡೆಯುತ್ತವೆ. ಡೀಸೆಲ್ ಇಂಜಿನ್ನಿನ ಏಟು ಜೋರು. ಹಾಗಾಗಿ ಡೀಸೆಲ್ ಕಾರುಗಳಲ್ಲಿ ಇದು ಜಾಸ್ತಿ ಕಾಣಸಿಗುತ್ತದೆ. ಆದರೆ ಎಲ್ಲ ಡೀಸೆಲ್‌ಗಳಲ್ಲೂ ಇರುವುದಿಲ್ಲ. ನಿಮ್ಮ ಗಾಡಿಯಲ್ಲಿ ಯಾವುದಿದೆ ಎಂಬುದು ಚಾಸಿಸ್ ನಂಬರ್ ಕೊಟ್ಟರೆ ಪಾರ್ಟ್ಸ್ ಅಂಗಡಿಯಲ್ಲೇ ಗೊತ್ತಾಗುತ್ತದೆ. ಮೊದಲು ಅದನ್ನು ಕೇಳಿ. ಯಾಕೆಂದರೆ ಡ್ಯುಯಲ್ ಮಾಸ್ ಫ್ಲೈವೀಲ್ ಒಂದರ ಬೆಲೆಯೇ ಎಷ್ಟೋ ಗಾಡಿಗಳಲ್ಲಿ ಪೂರ್ತಿ ಕ್ಲಚ್ ಸೆಟ್ಟಿನ ಬೆಲೆಯನ್ನು ಮೀರುತ್ತದೆ. ಇದನ್ನು ಲೇತಿಗೆ ಕೊಟ್ಟು ಫೇಸಿಂಗ್ ಮಾಡಿಸುವುದನ್ನು ತಯಾರಕರು ಸಾಮಾನ್ಯವಾಗಿ ಒಪ್ಪುವುದಿಲ್ಲ. ಕೆಟ್ಟಿದ್ದರೆ ಹೊಸದೇ.

ಹಾಗಾದರೆ ಕೆಟ್ಟಿದೆಯಾ? ಗೇರ್‌ಬಾಕ್ಸ್ ಇಳಿಸುವ ಮೊದಲು ಇದನ್ನು ಖಚಿತವಾಗಿ ಹೇಳಲು ಆಗುವುದಿಲ್ಲ. ಕೆಲವು ಸುಳಿವುಗಳು ಮಾತ್ರ ಸಿಗುತ್ತವೆ. ಇಂಜಿನ್ ಆಫ್ ಮಾಡುವಾಗ ಕೆಳಗಿನಿಂದ ಗಡಗಡ ಸದ್ದು, ಐಡ್ಲಿಂಗಿನಲ್ಲಿ ಕಟಕಟ, ನಿಂತ ಗಾಡಿ ಹೊರಡುವಾಗ ಮೈಯೆಲ್ಲ ನಡುಕ. ಖಚಿತ ಉತ್ತರ ಸಿಗುವುದು ಗೇರ್‌ಬಾಕ್ಸ್ ಕೆಳಗಿಳಿದ ಮೇಲೆ. ಆಗ ಹೊರಗಿನ ಚಕ್ರವನ್ನು ಕೈಯಲ್ಲಿ ಹಿಡಿದು ಎಡಕ್ಕೂ ಬಲಕ್ಕೂ ತಿರುಗಿಸುತ್ತಾರೆ. ಎಷ್ಟು ಆಟ, ಅಂದರೆ ಸಡಿಲ, ಇದೆ ನೋಡುತ್ತಾರೆ. ಹಿಂದೆ ಮುಂದೆ ಅಲ್ಲಾಡಿಸಿ ಗೇಜ್ ಇಟ್ಟು ಅಳೆಯುತ್ತಾರೆ. ಒಂದೊಂದು ಫ್ಲೈವೀಲಿಗೆ ತಯಾರಕರು ಒಂದೊಂದು ಮಿತಿ ಕೊಟ್ಟಿರುತ್ತಾರೆ. ಅದರೊಳಗಿದ್ದು, ಗ್ರೀಸ್ ಹೊರಗೆ ಬಂದಿಲ್ಲ, ಮುಖ ಸುಟ್ಟಿಲ್ಲ ಅಂದರೆ ಹಳೆಯದನ್ನೇ ಇಟ್ಟುಕೊಳ್ಳಬಹುದು.

ಸರ್ವಿಸ್ ಸೆಂಟರ್‌ನವರು ಮೊದಲೇ ಫ್ಲೈವೀಲ್ ಸೇರಿಸಿ ರೇಟು ಕೊಟ್ಟಿದ್ದು ತಪ್ಪು ಅನ್ನಲಾರೆ. 94,000 ಓಡಿದೆ, ಸ್ಲಿಪ್ ಆಗಿ ಕಾದಿದೆ, ನಾಳೆ ಕೆಟ್ಟರೆ ಮತ್ತೆ ಪೂರ್ತಿ ಕೂಲಿ. ಅವರ ಲೆಕ್ಕ ಹೀಗೆ. ಆದರೆ ನೋಡದೆ ಹಾಕುವುದಕ್ಕೆ ನೀವು ಒಪ್ಪಬೇಕಿಲ್ಲ. ಎರಡು ಎಸ್ಟಿಮೇಟ್ ಕೊಡಿ ಅನ್ನಿ, ಫ್ಲೈವೀಲ್ ಬಿಟ್ಟು ಒಂದು, ಸೇರಿಸಿ ಒಂದು. ಬಿಚ್ಚಿದ ಮೇಲೆ ಫೋನ್ ಮಾಡಿ, ಫೋಟೋ ಕಳಿಸಿ, ಎಷ್ಟು ಆಟ ಇದೆ ಹೇಳಿ ಅನ್ನಿ. ಸಾಧ್ಯವಾದರೆ ಆ ಹೊತ್ತಿಗೆ ನೀವೇ ಹೋಗಿ ಕಣ್ಣಾರೆ ನೋಡಿ. ಹೊಸ ಫ್ಲೈವೀಲ್ ಬೇಕಾದರೆ ಬೇಗ ಸಿಗುತ್ತದಾ ಅಂತಲೂ ಮೊದಲೇ ವಿಚಾರಿಸಿರಿ. ಇಲ್ಲದಿದ್ದರೆ ಸಾಮಾನು ಬರುವ ತನಕ ನಿಮ್ಮ ಗಾಡಿ ಲಿಫ್ಟಿನ ಮೇಲೇ ಇರುತ್ತದೆ. ಡ್ಯುಯಲ್ ಮಾಸ್ ತೆಗೆದು ಗಟ್ಟಿ ಫ್ಲೈವೀಲ್ ಹಾಕಿಕೊಡುತ್ತೇವೆ, ಕಮ್ಮಿ ಆಗುತ್ತೆ ಅಂತ ಹೇಳುವವರೂ ಇದ್ದಾರೆ. ಓಡುತ್ತದೆ, ನಿಜ. ಆದರೆ ಆ ನಡುಕವೆಲ್ಲ ಗೇರ್‌ಬಾಕ್ಸಿನ ಮೇಲೆ ಬೀಳುತ್ತದೆ. ಗೇರ್‌ಬಾಕ್ಸ್ ರಿಪೇರಿಯ ಖರ್ಚು ಕಂಡಿರುವ ನನಗೆ ಆ ದಾರಿ ಇಷ್ಟವಿಲ್ಲ.

ಇನ್ನೂ ಕೆಲವು ಸಣ್ಣ ಸಾಮಾನುಗಳಿವೆ. ಎಸ್ಟಿಮೇಟಿನಲ್ಲಿ ಇವು ಇವೆಯೋ ಇಲ್ಲವೋ ನೋಡಿ, ಅಲ್ಲೇ ಮೆಕ್ಯಾನಿಕ್ಕಿನ ಅನುಭವ ಗೊತ್ತಾಗುತ್ತದೆ. ಫ್ಲೈವೀಲಿನ ಹಿಂದೆ ಕ್ರ್ಯಾಂಕ್ ಶಾಫ್ಟಿನ (ಇಂಜಿನ್ನಿನ ತಿರುಗುವ ಮುಖ್ಯ ದಂಡದ) ಆಯಿಲ್ ಸೀಲ್ ಇದೆ. ಗೇರ್‌ಬಾಕ್ಸ್ ಕಡೆ, ಕ್ಲಚ್ಚಿನಿಂದ ಒಳಗೆ ಹೋಗುವ ಇನ್‌ಪುಟ್ ಶಾಫ್ಟಿನ ಸೀಲ್ ಇದೆ. ಡ್ರೈವ್ ಶಾಫ್ಟ್ ಎಳೆದ ಕಡೆ ಎರಡು ಸೀಲ್. ಒಂದೊಂದೂ ಒಟ್ಟು ಬಿಲ್ಲಿನ ಮುಂದೆ ಏನೇನೂ ಅಲ್ಲ.

ನಾನು ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ಒಂದು ಗಾಡಿ ಬಂದಿತ್ತು. ಬೇರೆ ಕಡೆ ಕ್ಲಚ್ ಹಾಕಿಸಿ ನಾಲ್ಕೇ ತಿಂಗಳಾಗಿತ್ತು, ಮತ್ತೆ ಸ್ಲಿಪ್. ಗೇರ್‌ಬಾಕ್ಸ್ ಇಳಿಸಿದೆವು. ಪ್ಲೇಟ್ ದಪ್ಪವಾಗಿ ಹೊಸದರಂತೆಯೇ ಇತ್ತು. ಮುಟ್ಟಿದರೆ ಬೆರಳಿಗೆ ಕಪ್ಪು ಎಣ್ಣೆ. ಫ್ಲೈವೀಲಿನ ಅಂಚಿಗೆ ಕ್ಲಚ್ಚಿನ ಪುಡಿಯೂ ಆಯಿಲೂ ಸೇರಿ ಕಾಡಿಗೆಯಂತೆ ಮೆತ್ತಿಕೊಂಡಿತ್ತು. ಫ್ಲೈವೀಲ್ ಹಿಂದಿನ ಸೀಲಿನ ತುಟಿ ಗಟ್ಟಿಯಾಗಿ, ಸೀಳು ಬಿಟ್ಟು, ಆಯಿಲ್ ಒಳಗೆ ಜಿನುಗುತ್ತಿತ್ತು. ಎಣ್ಣೆ ಕುಡಿದ ಪ್ಲೇಟನ್ನು ತೊಳೆದು ಹಾಕಲು ಬರುವುದಿಲ್ಲ. ಓನರ್ ಪಕ್ಕದಲ್ಲೇ ನಿಂತಿದ್ದರು. ಹಳೇ ಸೀಲನ್ನು ಅಂಗೈ ಮೇಲೆ ಇಟ್ಟುಕೊಂಡು ತುಂಬಾ ಹೊತ್ತು ನೋಡಿದರು. ಅಷ್ಟು ಚಿಕ್ಕ ರಬ್ಬರ್ ಉಂಗುರಕ್ಕಾಗಿ ಅವರು ಸೆಟ್ಟಿಗೂ ಕೂಲಿಗೂ ಎರಡನೇ ಸಲ ದುಡ್ಡು ಕೊಡಬೇಕಾಯಿತು. ಅವತ್ತಿನಿಂದ ನಾನು ಗೇರ್‌ಬಾಕ್ಸ್ ಇಳಿಸಿದಾಗಲೆಲ್ಲ ಮೊದಲು ಟಾರ್ಚ್ ಹಿಡಿಯುವುದು ಆ ಸೀಲಿಗೇ.

ನಿಮ್ಮ ಗಾಡಿಯ ಕ್ಲಚ್ ಹೈಡ್ರಾಲಿಕ್ ಆಗಿದ್ದರೆ (ಕೇಬಲ್ ಬದಲು ಫ್ಲೂಯಿಡ್ ಒತ್ತಡದಲ್ಲಿ ಕೆಲಸ ಮಾಡುವುದು) ಇನ್ನೊಂದು ಪ್ರಶ್ನೆ ಕೇಳಿ. ಪೆಡಲ್ ಬುಡದ ಮಾಸ್ಟರ್ ಸಿಲಿಂಡರ್ ಫ್ಲೂಯಿಡನ್ನು ತಳ್ಳುತ್ತದೆ, ಆ ಒತ್ತಡದಲ್ಲಿ ಸ್ಲೇವ್ ಸಿಲಿಂಡರ್ ರಿಲೀಸ್ ಬೇರಿಂಗನ್ನು ಒತ್ತುತ್ತದೆ. ಸ್ಲೇವ್ ಸಿಲಿಂಡರ್ ಹೊರಗಿದೆಯಾ, ಒಳಗಿದೆಯಾ? ಹೊರಗಿದ್ದರೆ ಚಿಂತೆಯಿಲ್ಲ, ಯಾವಾಗ ಬೇಕಾದರೂ ಬದಲಿಸಬಹುದು. ಎಷ್ಟೋ ಕಾರುಗಳಲ್ಲಿ ಅದು ರಿಲೀಸ್ ಬೇರಿಂಗ್ ಜೊತೆ ಒಂದೇ ಸಾಮಾನಾಗಿ ಗೇರ್‌ಬಾಕ್ಸ್ ಒಳಗೇ ಇರುತ್ತದೆ. ಅಂಥದ್ದಾದರೆ ಸೆಟ್ ಹಾಕುವಾಗಲೇ ಅದನ್ನೂ ಹೊಸದು ಹಾಕಿಸಿ. ಇಲ್ಲಿ ಉಳಿಸಲು ಹೋಗಬೇಡಿ. ಗೇರ್ ಆಯಿಲ್ ಹೇಗೂ ಇಳಿಸಿರುತ್ತಾರೆ, ಹೊಸದು ತುಂಬಿಸಲಿ.

ಇನ್ನು ಕೂಲಿ. ಸಣ್ಣ ಫ್ರಂಟ್ ವೀಲ್ ಡ್ರೈವ್ ಕಾರಿಗೆ ಕೈ ಪಳಗಿದವರಿಗೆ 4ರಿಂದ 6 ಗಂಟೆ ಬೇಕು. ಸಬ್‌ಫ್ರೇಮ್ ಇಳಿಸುವ ದೊಡ್ಡ ಗಾಡಿಗೆ 7ರಿಂದ 9. ನಾಲ್ಕೂ ಚಕ್ರಕ್ಕೆ ಡ್ರೈವ್ ಇರುವ ಗಾಡಿಯಾದರೆ 10 ಗಂಟೆ ದಾಟಿದರೂ ಆಶ್ಚರ್ಯವಿಲ್ಲ. ಸರ್ವಿಸ್ ಸೆಂಟರ್‌ಗಳು ಸಾಮಾನ್ಯವಾಗಿ ಕಂಪನಿ ಗೊತ್ತು ಮಾಡಿದ ಗಂಟೆಗಳ ಲೆಕ್ಕದಲ್ಲಿ ಬಿಲ್ ಮಾಡುತ್ತವೆ. ಕೆಲಸ ಬೇಗ ಮುಗಿದರೂ ಅಷ್ಟೇ, ತಡವಾದರೂ ಅಷ್ಟೇ. ಗ್ಯಾರೇಜಿನವರು ಬಹಳ ಸಲ ಇಡೀ ಕೆಲಸಕ್ಕೆ ಇಷ್ಟು ಅಂತ ಗುತ್ತಿಗೆಯ ಹಾಗೆ ಹೇಳುತ್ತಾರೆ. ಎರಡರಲ್ಲೂ ತಪ್ಪಿಲ್ಲ. ಕೂಲಿ ದುಬಾರಿ ಇರುವ ಕಡೆ ಬಿಲ್ಲಿನ ಅರ್ಧಕ್ಕಿಂತ ಜಾಸ್ತಿ ಕೂಲಿಯೇ ಆಗಬಹುದು. ಕೂಲಿ ಕಮ್ಮಿ ಇರುವ ಕಡೆ ಸಾಮಾನಿನ ಬೆಲೆಯೇ ಮೇಲಾಗುತ್ತದೆ. ಹಾಗಾಗಿ ಬೇರೆ ಕಡೆ ಯಾರೋ ಎಷ್ಟು ಕೊಟ್ಟರು ಅಂತ ಕೇಳಿ ಉಪಯೋಗವಿಲ್ಲ. ಎಷ್ಟು ಗಂಟೆ, ಗಂಟೆಗೆ ಎಷ್ಟು, ಯಾವ ಸಾಮಾನು, ಯಾವ ಬ್ರ್ಯಾಂಡ್: ಈ ನಾಲ್ಕನ್ನೂ ಕಾಗದದ ಮೇಲೆ ಬರೆಸಿಕೊಳ್ಳಿ. ಆಗ ಎರಡು ಎಸ್ಟಿಮೇಟನ್ನು ಪಕ್ಕಪಕ್ಕ ಇಟ್ಟು ನೋಡಲು ಆಗುತ್ತದೆ.

ಬ್ರ್ಯಾಂಡ್ ಅಂದೆನಲ್ಲ, ಅದಕ್ಕೊಂದು ಕಾರಣವಿದೆ. ಕಾರು ಕಂಪನಿಗಳು ಕ್ಲಚ್ಚನ್ನು ಬಹುಮಟ್ಟಿಗೆ ತಾವೇ ಮಾಡುವುದಿಲ್ಲ. ಲುಕ್, ಸ್ಯಾಕ್ಸ್, ವ್ಯಾಲಿಯೋ, ಎಕ್ಸೆಡಿ, ಐಸಿನ್ ಮುಂತಾದವರು ಮಾಡಿಕೊಡುತ್ತಾರೆ. ಅದೇ ತಯಾರಕರ ಸೆಟ್ ಅವರದೇ ಡಬ್ಬಿಯಲ್ಲಿ ಹೊರಗೂ ಸಿಗುತ್ತದೆ, ಬೆಲೆಯೂ ಸಾಮಾನ್ಯವಾಗಿ ಕಮ್ಮಿ. ನಿಮ್ಮ ಗಾಡಿಗೆ ಮೊದಲು ಯಾರದು ಬಂದಿತ್ತೋ ಅವರದೇ ಹಾಕಿಸಿದರೆ ನನಗೆ ಸಮಾಧಾನ. ಹಳೇ ಪ್ಲೇಟಿಗೆ ಹೊಸ ಲೈನಿಂಗ್ (ಉಜ್ಜುವ ಪದರ) ಹೊಡೆದು ಮಾರುವ ಸಾಮಾನು ಮಾತ್ರ ಬೇಡ. ಡಬ್ಬಿಯನ್ನು ನಿಮ್ಮ ಎದುರಿಗೇ ಬಿಚ್ಚಲು ಹೇಳಿ.

ಹಳೇ ಸಾಮಾನನ್ನೂ ತೋರಿಸಲು ಹೇಳಿ. ಪ್ಲೇಟಿನ ಮುಖದಲ್ಲಿ ತಾಮ್ರ ಅಥವಾ ಹಿತ್ತಾಳೆ ಬಣ್ಣದ ರಿವೆಟ್ ತಲೆಗಳು ಗುಂಡಿಯೊಳಗೆ ಕೂತಿರುತ್ತವೆ. ಹೊಸ ಪ್ಲೇಟಿನಲ್ಲಿ ಆ ಗುಂಡಿ ಆಳ. ಉಗುರು ಇಟ್ಟರೆ ಒಳಗೆ ಹೋಗುತ್ತದೆ. ರಿವೆಟ್ ತಲೆಯ ಮೇಲೆ 0.3ರಿಂದ 0.5 ಮಿಲಿಮೀಟರ್ ಲೈನಿಂಗ್ ಕೂಡ ಉಳಿದಿಲ್ಲ ಅಂದರೆ ಪ್ಲೇಟ್ ಮುಗಿದ ಹಾಗೆ. ಉಗುರು ಜಾರಿಕೊಂಡು ಸಮನಾಗಿ ಹೋದರೆ ಯಾರನ್ನೂ ಕೇಳಬೇಕಿಲ್ಲ. ಗುಂಡಿ ಇನ್ನೂ ಆಳವಾಗಿದೆ, ಪ್ಲೇಟ್ ಒಣಗಿದೆ, ಸುಟ್ಟ ಗುರುತಿಲ್ಲ ಅಂದರೆ 'ಮತ್ತೆ ಯಾಕೆ ಬದಲಿಸಿದಿರಿ?' ಅಂತ ಕೇಳುವ ಹಕ್ಕು ನಿಮಗಿದೆ.

ಇದನ್ನು ಹೇಳಲು ಕಾರಣವಿದೆ. ನಿಮ್ಮ ಲಕ್ಷಣ ಸ್ಪಷ್ಟವಾಗಿ ಕ್ಲಚ್ ಸ್ಲಿಪ್. ಒಮ್ಮೆ ಖಚಿತ ಮಾಡಿಕೊಳ್ಳಬೇಕು ಅಂದರೆ ಖಾಲಿ ಸಮತಟ್ಟು ರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲಿ ನಿಧಾನಕ್ಕೆ ಹೋಗುತ್ತಾ ಆಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಮುಳ್ಳು ಥಟ್ಟನೆ ಮೇಲೆ ಹಾರಿ, ಸ್ಪೀಡ್ ಅಲ್ಲೇ ಉಳಿದರೆ ಪ್ಲೇಟ್ ಜಾರುತ್ತಿದೆ. ಒಂದೇ ಸಲ ಮಾಡಿ ಸಾಕು, ಪದೇ ಪದೇ ಬೇಡ. ಆದರೆ 'ಕ್ಲಚ್ ಹೋಗಿದೆ' ಅಂತ ಬರುವ ಗಾಡಿಗಳೆಲ್ಲ ಹೀಗಿರುವುದಿಲ್ಲ. ಗೇರ್ ಬೀಳದೆ ಕರ್ರ್ ಅನ್ನುವುದು ಬೇರೆ ಕಾಯಿಲೆ. ಇಂಜಿನ್ ಆಫ್ ಇದ್ದಾಗ ಸಲೀಸಾಗಿ ಬೀಳುವ ಗೇರ್, ಆನ್ ಮಾಡಿದಾಗ ಬೀಳದಿದ್ದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಅಂತ ಅರ್ಥ. ಅದಕ್ಕೆ ಕೇಬಲ್ ಕಾರಣ ಇರಬಹುದು, ಲೈನಿನಲ್ಲಿ ಏರ್ ಸೇರಿರಬಹುದು, ಮಾಸ್ಟರ್ ಸಿಲಿಂಡರ್ ಸೋರುತ್ತಿರಬಹುದು. ಇವುಗಳಿಗೆಲ್ಲ ಗೇರ್‌ಬಾಕ್ಸ್ ಇಳಿಸುವ ಅಗತ್ಯವೇ ಇಲ್ಲ.

ಒಬ್ಬ ಶಿಕ್ಷಕಿ ನನ್ನ ಹತ್ತಿರ ಬಂದಿದ್ದರು. ರಿವರ್ಸ್ ಗೇರ್ ಬೀಳುತ್ತಿಲ್ಲ ಅಂತ ಬೇರೆ ಕಡೆ ಪೂರ್ತಿ ಸೆಟ್ ಹಾಕಿಸಿದ್ದರು. ಒಂದು ವಾರಕ್ಕೆ ಮತ್ತದೇ ಕಥೆ. ನಾನು ಡ್ರೈವರ್ ಕಡೆಯ ಡ್ಯಾಶ್‌ಬೋರ್ಡ್ ಕೆಳಗೆ ತಲೆ ಹಾಕಿ ಟಾರ್ಚ್ ಬಿಟ್ಟೆ. ಪೆಡಲಿನ ರಾಡ್ ಉದ್ದಕ್ಕೂ ಸಣ್ಣಗೆ ಒದ್ದೆ ಗೆರೆ. ಮ್ಯಾಟ್ ಎತ್ತಿದರೆ ಕೆಳಗಿನ ಕಾರ್ಪೆಟ್ ಜಿಡ್ಡು ಜಿಡ್ಡು. ಮಾಸ್ಟರ್ ಸಿಲಿಂಡರಿನಿಂದ ಫ್ಲೂಯಿಡ್ ಸೋರುತ್ತಿತ್ತು, ಅಷ್ಟೇ. ಹಳೇ ಪ್ಲೇಟ್ ನೋಡಿದ್ದೀರಾ ಅಂತ ಕೇಳಿದೆ. ಯಾರೂ ತೋರಿಸಿರಲಿಲ್ಲ, ಅವರೂ ಕೇಳಿರಲಿಲ್ಲ. ನನಗೆ ನಿಜಕ್ಕೂ ಸಂಕಟವಾಯಿತು. ಇದನ್ನು ಓದುವ ಬೇರೆಯವರೂ ಕ್ಲಚ್ ಫ್ಲೂಯಿಡ್ ಮಟ್ಟ, ಪೆಡಲಿನ ಬುಡ, ಎರಡನ್ನೂ ನೋಡಿಕೊಂಡು ಗ್ಯಾರೇಜಿಗೆ ಹೋಗಿ.

ಸದ್ದಿನ ವಿಷಯದಲ್ಲೂ ಹೀಗೆ ಮೋಸ ಹೋಗುವುದುಂಟು. ಪೆಡಲ್ ಒತ್ತಿದಾಗ ಸದ್ದು ಶುರುವಾದರೆ ರಿಲೀಸ್ ಬೇರಿಂಗ್ ಮೇಲೆ ಅನುಮಾನ. ಒತ್ತಿದಾಗ ಸದ್ದು ನಿಂತರೆ ಗೇರ್‌ಬಾಕ್ಸಿನ ಇನ್‌ಪುಟ್ ಬೇರಿಂಗ್ ನೋಡಬೇಕು. ಹೊಸ ಕ್ಲಚ್ ಹಾಕಿದರೆ ಅದು ಹೋಗುವುದಿಲ್ಲ.

ಎಎಂಟಿ, ಅಂದರೆ ಕ್ಲಚ್ ಪೆಡಲ್ ಇಲ್ಲದೆ ತಾನೇ ಗೇರ್ ಬದಲಿಸುವ ಗಾಡಿಯವರೂ ಇದೇ ಪ್ರಶ್ನೆ ಕೇಳುತ್ತಿರುತ್ತಾರೆ. ಅದರಲ್ಲಿ ಇರುವುದೂ ಇಂಥದ್ದೇ ಕ್ಲಚ್. ತುಳಿಯುವ ಕೆಲಸ ಮಾತ್ರ ಆಕ್ಚುಯೇಟರ್ ಎಂಬ ಯಂತ್ರ ಮಾಡುತ್ತದೆ. ಹೊಸ ಸೆಟ್ ಹಾಕಿದ ಮೇಲೆ ಸ್ಕ್ಯಾನರ್ ಹಾಕಿ ಹೊಂದಾಣಿಕೆ ಮಾಡಿಸಬೇಕು, ಆ ಯಂತ್ರ ಇರುವ ಕಡೆಯೇ ಹೋಗಿ. ಎರಡು ಕ್ಲಚ್ ಇರುವ ಆಟೋಮ್ಯಾಟಿಕ್ ಗೇರ್‌ಬಾಕ್ಸ್, ಡಿಸಿಟಿ, ಬೇರೆಯೇ ಲೋಕ. ಅದಕ್ಕೆ ಪ್ರತ್ಯೇಕ ಉಪಕರಣ ಬೇಕು, ಖರ್ಚೂ ಬಹಳ ಜಾಸ್ತಿ.

ಇನ್ನೊಂದೆರಡು ತಿಂಗಳು ಓಡಿಸಬಹುದಾ ಅಂತ ಕೇಳಿದ್ದೀರಿ. ಬೇಡ. ಪ್ಲೇಟ್ ಸವೆದು ಸ್ಲಿಪ್ ಶುರುವಾದ ಮೇಲೆ ಅದು ತಾನಾಗಿ ಸರಿಹೋಗುವುದಿಲ್ಲ. ಜಾರಿದಷ್ಟೂ ಕಾಯುತ್ತದೆ, ಕಾದಷ್ಟೂ ಜಾರುತ್ತದೆ. ಈಗ ನಿಮ್ಮ ಫ್ಲೈವೀಲ್ ಇನ್ನೂ ಚೆನ್ನಾಗಿರಬಹುದು. ಎರಡು ತಿಂಗಳು ಏರಿನಲ್ಲಿ ಉಜ್ಜಿದರೆ ಅದೂ ಸುಡುತ್ತದೆ. ಆಗ ಸರ್ವಿಸ್ ಸೆಂಟರ್‌ನವರ ದೊಡ್ಡ ಎಸ್ಟಿಮೇಟೇ ನಿಜವಾಗುತ್ತದೆ. ರಿವೆಟ್‌ಗಳು ಹೊರಬಂದು ಮುಖವನ್ನು ಕೆರೆಯಲು ಶುರು ಮಾಡಿದರೆ ಗಾಡಿ ಅರ್ಧ ದಾರಿಯಲ್ಲಿ ನಿಲ್ಲಲೂಬಹುದು. ಗ್ಯಾರೇಜಿಗೆ ಕೊಡುವ ದಿನದವರೆಗೆ ಭಾರ ಹೇರಬೇಡಿ, ಏರು ದಾರಿ ತಪ್ಪಿಸಿ. ಏರಿನಲ್ಲಿ ನಿಲ್ಲಬೇಕಾದರೆ ಹಾಫ್ ಕ್ಲಚ್ಚಿನಲ್ಲಿ ಹಿಡಿಯದೆ ಹ್ಯಾಂಡ್ ಬ್ರೇಕ್ ಹಾಕಿ.

94,000ಕ್ಕೇ ಹೋಯಿತಲ್ಲ ಅಂತ ಬೇಜಾರು ಬೇಡ. ಟ್ರಾಫಿಕ್ಕಿನಲ್ಲಿ ಓಡುವ ಗಾಡಿಗೆ ಅದು ಕೆಟ್ಟ ಲೆಕ್ಕವಲ್ಲ. 40,000ಕ್ಕೆ ಮುಗಿಸಿದವರನ್ನೂ ನೋಡಿದ್ದೇನೆ, 1,50,000 ದಾಟಿಸಿದವರನ್ನೂ ನೋಡಿದ್ದೇನೆ. ಹೊಸ ಸೆಟ್ ಹಾಕಿದ ಮೇಲೆ ಮೊದಲ 500ರಿಂದ 800 ಕಿಲೋಮೀಟರ್ ಮೆತ್ತಗೆ ಓಡಿಸಿ. ಜೋರಾಗಿ ಗಾಡಿ ಹೊರಡಿಸುವುದು, ಭಾರ ಎಳೆಯುವುದು ಬೇಡ. ಪ್ಲೇಟಿನ ಮುಖ ಫ್ಲೈವೀಲಿಗೆ ಚೆನ್ನಾಗಿ ಕೂರಲಿ. ಪೆಡಲ್ ಮೊದಲಿಗಿಂತ ಹಗುರ ಅನ್ನಿಸುತ್ತದೆ, ಹಿಡಿಯುವ ಜಾಗವೂ ಬದಲಾಗಿರುತ್ತದೆ. ಒಂದೆರಡು ದಿನ ಇಂಜಿನ್ ಆಫ್ ಆಗಬಹುದು, ಗಾಬರಿ ಆಗಬೇಡಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಹೀಗೆ ಮಾಡುತ್ತಿದ್ದೆ. ಮೊದಲು ಹೇಳಿದ ಗ್ಯಾರೇಜಿನವರಿಗೆ ಇವತ್ತೇ ಫೋನ್ ಮಾಡಿ ಕೇಳಿ. ನಿಮ್ಮ ರೇಟಿನಲ್ಲಿ ಫ್ಲೈವೀಲ್ ಹಿಂದಿನ ಆಯಿಲ್ ಸೀಲ್, ಗೇರ್ ಆಯಿಲ್, ಒಳಗಿನ ಸ್ಲೇವ್ ಸಿಲಿಂಡರ್ ಸೇರಿದೆಯಾ? ನನ್ನ ಗಾಡಿಯದು ಡ್ಯುಯಲ್ ಮಾಸ್ ಆಗಿದ್ದರೆ ಅದರ ಆಟ ಅಳೆಯಲು ನಿಮಗೆ ಬರುತ್ತದಾ? ವಾರಂಟಿಯಲ್ಲಿ ಸಾಮಾನು ಕೆಟ್ಟರೆ ಸಾಮಾನು ಮಾತ್ರ ಕೊಡುತ್ತೀರಾ, ಮತ್ತೆ ಇಳಿಸುವ ಕೂಲಿಯೂ ನಿಮ್ಮದೇನಾ? ಈ ಕೊನೆಯ ಪ್ರಶ್ನೆಗೆ ಅವರು ತಡವರಿಸದೆ 'ನಮ್ಮದೇ' ಅಂದು, ಅದನ್ನು ಬಿಲ್ಲಿನ ಮೇಲೆ ಬರೆದುಕೊಡಲು ಒಪ್ಪಿದರೆ ಗಾಡಿ ಅವರಿಗೇ ಕೊಡಿ. ಇಲ್ಲ ಅಂದರೆ ಸರ್ವಿಸ್ ಸೆಂಟರ್‌ಗೆ ಹೋಗಿ, ಫ್ಲೈವೀಲ್ ಬಿಟ್ಟು ಎಸ್ಟಿಮೇಟ್ ಮಾಡಿಸಿ, ಬಿಚ್ಚಿದ ಮೇಲೆ ನೋಡಿ ಹೇಳುತ್ತೇನೆ ಅನ್ನಿ.